ಸುತ್ತಿಗೆ ಹುಡುಕಲು ಹೋಗಿ ಸಿಕ್ಕ ನಿಧಿ: ಹಾಕ್ಸನ್ ಪ್ರಕರಣ

ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗದ್ದೆ ಸುತ್ತುವವರ ನಡುವೆ ಹಾಕ್ಸನ್ ಹೆಸರು ಗೊತ್ತಿಲ್ಲದವರು ಕಡಿಮೆ. ಇಂಗ್ಲೆಂಡಿನ ಪೂರ್ವಕ್ಕಿರುವ ಸಫೊಕ್ ಜಿಲ್ಲೆಯ ಸಣ್ಣ ಹಳ್ಳಿ ಅದು. 1992ರ ನವೆಂಬರ್ 16ರಂದು ಅಲ್ಲಿನ ಒಂದು ಹೊಲದಲ್ಲಿ ರೋಮನ್ ಕಾಲದ ಚಿನ್ನ, ಬೆಳ್ಳಿ ಸಿಕ್ಕಿತು. ನಾಣ್ಯಗಳೇ 14,865. ಈ ಕಥೆಯನ್ನು ಎಲ್ಲರೂ ಅದೃಷ್ಟದ ಕಥೆಯಾಗಿಯೇ ಹೇಳುತ್ತಾರೆ. ಅದೃಷ್ಟ ಇತ್ತು, ಸುಳ್ಳಲ್ಲ. ಆದರೆ ಇಷ್ಟು ವರ್ಷ ಆದಮೇಲೂ ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸುವುದು ಬೇರೆ ಕಾರಣಕ್ಕೆ. ನಿಧಿ ಸಿಕ್ಕ ಮನುಷ್ಯ ಅರ್ಧಕ್ಕೇ ಅಗೆಯುವುದನ್ನು ನಿಲ್ಲಿಸಿದರು. ಮುಂದೆ ಆದದ್ದೆಲ್ಲ ಆ ನಿಲ್ಲಿಸಿದ್ದರಿಂದಲೇ ಆಯಿತು.

ನಡೆದದ್ದೇನು

ಹೊಲ ಸಫೊಕ್ ಕೌಂಟಿ ಕೌನ್ಸಿಲ್‌ಗೆ ಸೇರಿದ್ದು. ಗೇಣಿಗೆ ಉಳುತ್ತಿದ್ದವರು ಪೀಟರ್ ವಾಟ್ಲಿಂಗ್. ಅವರ ಸುತ್ತಿಗೆ ಹೊಲದಲ್ಲಿ ಎಲ್ಲೋ ಬಿದ್ದು ಕಳೆದುಹೋಗಿತ್ತು. ಪರಿಚಯದ ಎರಿಕ್ ಲಾಸ್ ಅವರ ಬಳಿ ಒಂದು ಡಿಟೆಕ್ಟರ್ ಇತ್ತು. ಲಾಸ್ ತೋಟದ ಕೆಲಸದಿಂದ ನಿವೃತ್ತರಾದವರು, ಆ ಯಂತ್ರ ನಿವೃತ್ತಿಯ ಉಡುಗೊರೆಯಾಗಿ ಬಂದದ್ದು. 'ಒಂಚೂರು ಹುಡುಕಿಕೊಡೋಣ' ಎಂದು ಹೋದವರಿಗೆ ಮೊದಲು ಸಿಕ್ಕಿದ್ದು ಬೆಳ್ಳಿಯ ಚಮಚ, ಚಿನ್ನದ ಒಡವೆ, ಮತ್ತೆ ನಾಣ್ಯ, ಇನ್ನೂ ನಾಣ್ಯ.

ಇಲ್ಲಿ ಸ್ವಲ್ಪ ಯಂತ್ರದ ಬಗ್ಗೆ ಹೇಳಬೇಕು. ಕೋಲಿನ ತುದಿಯಲ್ಲಿರುವ ದುಂಡನೆಯ ಭಾಗದಲ್ಲಿ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಒಂದು ಸುರುಳಿ ನೆಲದೊಳಗೆ ಬದಲಾಗುವ ಕಾಂತಕ್ಷೇತ್ರ ಕಳಿಸುತ್ತದೆ. ಅದರ ದಾರಿಯಲ್ಲಿ ಲೋಹ ಇದ್ದರೆ ಆ ಲೋಹದಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಆ ಪ್ರವಾಹಕ್ಕೂ ತನ್ನದೇ ಕಾಂತಕ್ಷೇತ್ರ ಇರುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಹೆಡ್‌ಫೋನಿಗೆ 'ಕೀಂ' ಎಂದು ಕಳಿಸುತ್ತದೆ. ಕಬ್ಬಿಣಕ್ಕೆ ಒಂದು ದನಿ, ಬೆಳ್ಳಿಗೆ ಇನ್ನೊಂದು. ಅಭ್ಯಾಸ ಇದ್ದವರು ಕಿವಿಯಲ್ಲೇ ಬೇರೆ ಮಾಡುತ್ತಾರೆ. ಆದರೂ ಮೋಸ ಹೋಗುವುದು ತಪ್ಪಿದ್ದಲ್ಲ. ತಂಪುಪಾನೀಯದ ಡಬ್ಬಿಯ ಮುಚ್ಚಳ ಕೀಳುವ ರಿಂಗೂ ಸಣ್ಣ ಚಿನ್ನದ ಉಂಗುರವೂ ಎಷ್ಟೋ ಸಲ ಒಂದೇ ದನಿ ಕೊಡುತ್ತವೆ. ಒಂಟಿ ನಾಣ್ಯ ಒಂದು ಗೇಣು ಆಳಕ್ಕಿಂತ ಕೆಳಗಿದ್ದರೆ ಸಾಧಾರಣ ಯಂತ್ರಕ್ಕೆ ಕೇಳಿಸುವುದೇ ಕಷ್ಟ. ಒಟ್ಟಿಗೆ ರಾಶಿ ಬಿದ್ದಿದ್ದರೆ ಮಾತ್ರ ಆಳದಿಂದಲೂ ದನಿ ಬರುತ್ತದೆ.

ಈ ಹವ್ಯಾಸದವರ ಮಾಮೂಲಿ ದಿನ ಎಂದರೆ ತುಕ್ಕು ಹಿಡಿದ ಮೊಳೆ, ಕೋಟಿನ ಗುಂಡಿ, ಬಂದೂಕಿನ ಸೀಸದ ಗುಂಡು, ವಿಕ್ಟೋರಿಯಾ ರಾಣಿ ಕಾಲದ ಪೆನ್ನಿ. ಅದೃಷ್ಟ ಚೆನ್ನಾಗಿದ್ದರೆ 17ನೇ ಶತಮಾನದ ವ್ಯಾಪಾರಿ ಟೋಕನ್. ಸರ್ಕಾರ ಚಿಲ್ಲರೆ ಸಾಕಷ್ಟು ಟಂಕಿಸದೇ ಇದ್ದ 1648ರಿಂದ 1672ರ ನಡುವೆ ಅಂಗಡಿಯವರು, ಹೋಟೆಲಿನವರು ತಾವೇ ತಾಮ್ರ, ಹಿತ್ತಾಳೆಯ ಟೋಕನ್ ಮಾಡಿಸಿ ಚಿಲ್ಲರೆಯಾಗಿ ಕೊಡುತ್ತಿದ್ದರು. ಅದರ ಮೇಲೆ ಅಂಗಡಿಯವನ ಹೆಸರು, ಊರು, ಕಸುಬಿನ ಗುರುತು ಇರುತ್ತದೆ. ನನ್ನ ಮಟ್ಟಿಗೆ ರಾಜನ ತಲೆ ಇರುವ ನಾಣ್ಯಕ್ಕಿಂತ ಇದೇ ಜಾಸ್ತಿ ಸ್ವಾರಸ್ಯ. ಇರಲಿ. ಲಾಸ್ ಅವರಿಗೆ ಆ ದಿನ ಸಿಕ್ಕಿದ್ದು ಯಾವ ಹವ್ಯಾಸಿಯೂ ಕನಸಿನಲ್ಲೂ ಎಣಿಸದ ರಾಶಿ.

ಒಂದಷ್ಟನ್ನು ಹೊರಗೆ ತೆಗೆದ ಮೇಲೆ ಅವರು ಕೈ ನಿಲ್ಲಿಸಿದರು. ಇನ್ನೂ ಕೆಳಗಿದೆ ಎಂದು ಗೊತ್ತಿತ್ತು. ಆದರೂ ಅಗೆಯಲಿಲ್ಲ. ಅವರೂ ವಾಟ್ಲಿಂಗ್ ಅವರೂ ಹೊಲದ ಮಾಲೀಕರಾದ ಕೌನ್ಸಿಲ್‌ಗೂ ಪೊಲೀಸರಿಗೂ ಸುದ್ದಿ ಮುಟ್ಟಿಸಿದರು. ಮಾರನೆಯ ದಿನವೇ ಸಫೊಕ್‌ನ ಪುರಾತತ್ವ ತಂಡ ಬಂತು. ವಿಷಯ ಹೊರಗೆ ಹೋದರೆ ರಾತ್ರಿ ಕಳ್ಳರು ಬರುತ್ತಾರೆ ಎಂಬ ಭಯ. ಹಾಗಾಗಿ ಗುಟ್ಟಾಗಿ, ಒಂದೇ ದಿನದಲ್ಲಿ ಉತ್ಖನನ ಮುಗಿಸಿದರು. ಭಯ ಸುಮ್ಮನೆ ಅಲ್ಲ. ನವೆಂಬರ್ 19ಕ್ಕೇ ಒಂದು ಪತ್ರಿಕೆ ಮುಖಪುಟದಲ್ಲಿ ಸುದ್ದಿ ಹಾಕಿ ಊರಿಗೆಲ್ಲ ಟಾಂಟಾಂ ಮಾಡಿತು.

ಆ ಒಂದು ದಿನದಲ್ಲಿ ತಂಡ ಮಾಡಿದ ಜಾಣತನ ಎಂದರೆ, ಎಲ್ಲವನ್ನೂ ಅಲ್ಲೇ ಬಿಡಿಸಲು ಹೋಗಲಿಲ್ಲ. ಮಣ್ಣುಗಡ್ಡೆ ಸಮೇತ ಸಸಿ ಎತ್ತಿದ ಹಾಗೆ, ವಸ್ತುಗಳಿದ್ದ ಮಣ್ಣನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿ ಎತ್ತಿದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ನಿಧಾನವಾಗಿ ಬಿಡಿಸಿದರು.

ನಿಲ್ಲಿಸಿದ್ದರಿಂದ ಸಿಕ್ಕಿದ್ದು

ಒಟ್ಟು ಚಿನ್ನ ಸುಮಾರು 3.5 ಕಿಲೋ, ಬೆಳ್ಳಿ ಸುಮಾರು 23.75 ಕಿಲೋ. 569 ಚಿನ್ನದ ಸಾಲಿಡಸ್ ನಾಣ್ಯ, 14,272 ಬೆಳ್ಳಿ ನಾಣ್ಯ, 24 ಕಂಚಿನವು. ಚಿನ್ನದ ಒಡವೆ 29: ಬಳೆ 19, ಸರ 6, ಉಂಗುರ 3, ಮೈಮೇಲೆ ಅಡ್ಡಡ್ಡ ತೊಡುವ ಮೈಸರಪಳಿ ಒಂದು. ಬೆಳ್ಳಿಯ ಚಮಚ, ಸೌಟು ಸೇರಿ 98.

ಈ ಪಟ್ಟಿ ನಿಧಿಯನ್ನು ಗುದ್ದಲಿಯಿಂದ ಎತ್ತಿ ಚೀಲಕ್ಕೆ ಸುರಿದಿದ್ದರೂ ಬಹುಪಾಲು ಸಿಗುತ್ತಿತ್ತು ಅಲ್ವಾ? ಸಿಗುತ್ತಿತ್ತು. ಸಿಗದೇ ಹೋಗುತ್ತಿದ್ದದ್ದು ಪೆಟ್ಟಿಗೆ. ಇವೆಲ್ಲ ಒಂದು ಓಕ್ ಮರದ ಪೆಟ್ಟಿಗೆಯಲ್ಲಿದ್ದವು. ಅಳತೆ ಸುಮಾರು 60 ಸೆಂಟಿಮೀಟರ್ ಉದ್ದ, 45 ಅಗಲ, 30 ಎತ್ತರ. ಮರ ಪೂರ್ತಿ ಕೊಳೆತು ಹೋಗಿತ್ತು. ಹಾಗಿದ್ದರೆ ಅಳತೆ ಹೇಗೆ ತಿಳಿಯಿತು? ಕಬ್ಬಿಣದ ಕಟ್ಟುಗಳು ಇದ್ದಲ್ಲೇ ಇದ್ದವು, ವಸ್ತುಗಳು ಒಂದು ಗೆರೆಗೆ ಬಂದು ನಿಂತಿದ್ದವು. ಬೋಗುಣಿಗಳು ಒಂದರೊಳಗೊಂದು, ಸೌಟುಗಳು ಒಂದರೊಳಗೊಂದು ಕೂತಿದ್ದವು. ಕೆಲವು ವಸ್ತುಗಳು ಗುಂಪಾಗಿ ಬಿದ್ದಿದ್ದ ರೀತಿ ನೋಡಿದರೆ ಒಳಗೆ ಇನ್ನೂ ಸಣ್ಣ ಡಬ್ಬಿಗಳಿದ್ದವು ಅನ್ನಿಸುತ್ತದೆ. ಆ ಡಬ್ಬಿಗಳ ಪುಟಾಣಿ ಬೆಳ್ಳಿ ಬೀಗಗಳೂ ಸಿಕ್ಕವು. ಅಂದರೆ ಇದು ಯಾರೋ ಓಡುವಾಗ ಗಾಬರಿಯಲ್ಲಿ ಗುಂಡಿಗೆ ಎಸೆದದ್ದಲ್ಲ. ಪುರುಸೊತ್ತು ಮಾಡಿಕೊಂಡು, ಜೋಡಿಸಿ, ಬೀಗ ಹಾಕಿ ಹೂತದ್ದು. ಹತ್ತಿರದಲ್ಲೇ ಒಂದು ಕಂಬ ನೆಟ್ಟಿದ್ದ ಕುಳಿಯ ಗುರುತೂ ಮುಂದೆ ಸಿಕ್ಕಿತು. ಯಾವ ಕಾಲದ್ದೋ ಖಚಿತವಿಲ್ಲ, ಆದರೆ ಜಾಗ ಮರೆಯದಿರಲು ನೆಟ್ಟ ಗುರುತಿನ ಕಂಬವಾಗಿರಬಹುದು ಎಂದು ತಜ್ಞರು ಯೋಚಿಸಿದ್ದಾರೆ.

ಈಗ ನಾಣ್ಯಕ್ಕೆ ಬರೋಣ, ನನಗೆ ಇಷ್ಟವಾದ ಭಾಗ ಇದು. ಬೆಳ್ಳಿಯವು ಬಹುಪಾಲು ಸಿಲಿಕ್ವಾ ಎಂಬ ತೆಳು ನಾಣ್ಯ. ಒಂದನ್ನು ಹತ್ತಿರದಿಂದ ನೋಡಿದರೆ ನಡುವೆ ಚಕ್ರವರ್ತಿಯ ಮುಖ ಸರಿಯಾಗಿದೆ, ಮೂಗು, ಕಣ್ಣು, ತಲೆಯ ಮಣಿಪಟ್ಟಿ ಎಲ್ಲ ಇದೆ. ಸುತ್ತಲೂ ಇರಬೇಕಾದ ಅಕ್ಷರಗಳು ಮಾತ್ರ ಅರ್ಧಕ್ಕೇ ಕತ್ತರಿಸಿಹೋಗಿವೆ. ಕೆಲವದರಲ್ಲಿ ಅಕ್ಷರವೇ ಇಲ್ಲ. ಯಾರೋ ಕತ್ತರಿ ಹಿಡಿದು ಅಂಚನ್ನು ಸುತ್ತಲೂ ಕತ್ತರಿಸಿ ಬೆಳ್ಳಿ ಉಳಿಸಿಕೊಂಡಿದ್ದಾರೆ. ಹಾಕ್ಸನ್‌ನ ಸಿಲಿಕ್ವಾಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಹೀಗೇ ಇವೆ. ಮುಖಕ್ಕೆ ಮಾತ್ರ ಕತ್ತರಿ ತಾಗಿಸಿಲ್ಲ. ಮುಖ ಇದ್ದರೆ ನಾಣ್ಯ ಚಲಾವಣೆ ಆಗುತ್ತದೆ ಎಂಬ ಲೆಕ್ಕ ಇರಬೇಕು. ಚಿನ್ನದ ನಾಣ್ಯಗಳನ್ನು ಯಾರೂ ಹೀಗೆ ಮುಟ್ಟಿಲ್ಲ. ಚಿನ್ನವನ್ನು ತೂಗಿ ತೆಗೆದುಕೊಳ್ಳುತ್ತಿದ್ದರು, ಕತ್ತರಿಸಿದರೆ ಲಾಭವಿಲ್ಲ.

ಈ ಕತ್ತರಿ ಕೆಲಸ ಬ್ರಿಟನ್ನಿನ ಕೊನೆಯ ರೋಮನ್ ವರ್ಷಗಳ ಕಥೆ ಹೇಳುತ್ತದೆ. 407ರಲ್ಲಿ ಬ್ರಿಟನ್ನಿನ ಸೈನಿಕರು ಮೂರನೇ ಕಾನ್‌ಸ್ಟಂಟೈನ್ ಎಂಬವನನ್ನು ತಾವೇ ಚಕ್ರವರ್ತಿ ಎಂದು ಘೋಷಿಸಿದರು. ಅವನು ಸೈನ್ಯ ಕಟ್ಟಿಕೊಂಡು ಗಾಲ್‌ಗೆ, ಅಂದರೆ ಇಂದಿನ ಫ್ರಾನ್ಸ್ ಕಡೆಗೆ ಹೋದ. ಆಮೇಲೆ ಹೊಸ ನಾಣ್ಯ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಇದ್ದದ್ದನ್ನೇ ಎಳೆದಾಡಿ ಬಳಸಬೇಕು. ಕತ್ತರಿಸಿದ ಬೆಳ್ಳಿಯಿಂದ ಊರಲ್ಲೇ ನಕಲು ಸಿಲಿಕ್ವಾ ಮಾಡಿದರು ಎಂದು ಕಾಣುತ್ತದೆ, ಅಂಥ ನಕಲುಗಳೂ ಈ ರಾಶಿಯಲ್ಲಿವೆ.

ಹೂತ ಕಾಲ ಗೊತ್ತಾದದ್ದು ಹೇಗೆ ಎಂಬುದನ್ನು ಗಮನಿಸಬೇಕು. ಇಡೀ ರಾಶಿಯಲ್ಲಿ ತೀರಾ ಇತ್ತೀಚಿನ ನಾಣ್ಯ ಇದೇ ಮೂರನೇ ಕಾನ್‌ಸ್ಟಂಟೈನ್‌ನದು, 407–408ರದು. ಅಂಥವು ಬೆರಳೆಣಿಕೆಯಷ್ಟು. 14,865ರಲ್ಲಿ ಬೆರಳೆಣಿಕೆ! ಅವನ್ನು ಯಾರಾದರೂ ಜೇಬಿಗಿಳಿಸಿದ್ದರೆ ಇಡೀ ನಿಧಿಯ ಕಾಲದ ಲೆಕ್ಕವೇ ಹಿಂದಕ್ಕೆ ಸರಿಯುತ್ತಿತ್ತು. ಮಾರುಕಟ್ಟೆಯಲ್ಲಿ ಅದೇ ನಾಣ್ಯ ಬಿಡಿಯಾಗಿ ಮಾರಾಟಕ್ಕೆ ಬಂದಿದ್ದರೆ ಅದು ಒಂದು ಹಳೇ ಬೆಳ್ಳಿ ನಾಣ್ಯ, ಅಷ್ಟೇ. ಎಲ್ಲವೂ ಒಟ್ಟಿಗೆ ಇದ್ದದ್ದರಿಂದ ಅದು ತಾರೀಖಾಯಿತು.

ಮನೆಯವರ ಬಗ್ಗೆಯೂ ಒಂದಷ್ಟು ಸುಳಿವಿದೆ. ಹಲವು ಚಮಚಗಳ ಮೇಲೆ ಔರೇಲಿಯಸ್ ಉರ್ಸಿಸಿನಸ್ ಎಂಬ ಹೆಸರಿದೆ. ಒಂದು ಬಳೆಯ ಮೇಲೆ ಚಿನ್ನದಲ್ಲೇ ಕೊರೆದು 'ಜೂಲಿಯಾನಾ ಅಮ್ಮ, ಸುಖವಾಗಿ ತೊಟ್ಟುಕೊಳ್ಳಿ' ಎಂಬ ಅರ್ಥದ ಲ್ಯಾಟಿನ್ ಸಾಲು ಬರೆದಿದೆ. ಇವರಿಬ್ಬರೂ ಗಂಡ ಹೆಂಡತಿಯೋ, ಬೇರೆ ಬೇರೆ ತಲೆಮಾರಿನವರೋ ಹೇಳಲು ಬರುವುದಿಲ್ಲ. ಮೈಸರಪಳಿ ಎಷ್ಟು ಚಿಕ್ಕದೆಂದರೆ ತೆಳ್ಳಗಿನ ಹೆಣ್ಣುಮಗಳಿಗೋ ಹದಿಹರೆಯದ ಹುಡುಗಿಗೋ ಮಾತ್ರ ಆಗುವಂಥದ್ದು. ಮೂರು ಉಂಗುರಗಳಲ್ಲೂ ಹರಳು ಕಿತ್ತಿದೆ.

ನಮಗೆ ಹತ್ತಿರದ ಸಂಗತಿ ಒಂದಿದೆ: ಮೆಣಸಿನ ಡಬ್ಬಿಗಳು. ನಾಲ್ಕು ಸಿಕ್ಕಿವೆ. ಪ್ರಸಿದ್ಧವಾದದ್ದು ಹತ್ತು ಸೆಂಟಿಮೀಟರ್ ಎತ್ತರದ ಒಬ್ಬ ಹೆಂಗಸಿನ ಬೆಳ್ಳಿ ಬೊಂಬೆ. ತಲೆ ಬಾಚಿದ್ದು, ಕಿವಿಯೋಲೆ, ಕೈಯಲ್ಲಿ ಹಿಡಿದ ಸುರುಳಿ, ಎಲ್ಲಕ್ಕೂ ಚಿನ್ನದ ಮುಲಾಮು. ಬೊಂಬೆ ಒಳಗೆ ಟೊಳ್ಳು. ತಳದಲ್ಲಿ ತಿರುಗುವ ಬಿಲ್ಲೆ: ಒಂದು ಕಡೆ ತಿರುಗಿಸಿದರೆ ಪೂರ್ತಿ ಮುಚ್ಚುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಪುಡಿ ತುಂಬಲು ದೊಡ್ಡ ತೂತು, ಮತ್ತೊಂದು ಕಡೆಗೆ ಉದುರಿಸಲು ಸಣ್ಣ ತೂತುಗಳು. ಅದರೊಳಗೆ ಹೋಗುತ್ತಿದ್ದ ಕರಿಮೆಣಸು ನಮ್ಮ ಪಶ್ಚಿಮ ಕರಾವಳಿಯದು, ಮುಖ್ಯವಾಗಿ ಮಲಬಾರಿನದು. ಕೆಂಪು ಸಮುದ್ರ, ಈಜಿಪ್ಟ್ ದಾಟಿ ರೋಮ್ ಸಾಮ್ರಾಜ್ಯದ ಕಟ್ಟಕಡೆಯ ಮೂಲೆಗೆ ತಲುಪುತ್ತಿತ್ತು. ಈ ನಿಧಿಯ ಕಾಲದಲ್ಲೇ, 408ರಲ್ಲಿ ಗಾಥ್ ಜನಾಂಗದ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಮೆಣಸೂ ಇತ್ತು. ಅಂಥ ಮೆಣಸಿಗೆ ಬೆಳ್ಳಿ ಬೊಂಬೆ ಮಾಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಣ ಯಾರಿಗೆ

1993ರ ಸೆಪ್ಟೆಂಬರ್ 3ರಂದು ಲೋವೆಸ್ಟಾಫ್ಟ್‌ ಪಟ್ಟಣದಲ್ಲಿ ಕರೋನರ್, ಅಂದರೆ ಅನುಮಾನದ ಸಾವು, ನೆಲದಲ್ಲಿ ಸಿಕ್ಕ ನಿಧಿಯಂಥವನ್ನು ವಿಚಾರಿಸುವ ಅಧಿಕಾರಿಯ ಮುಂದೆ ವಿಚಾರಣೆ ನಡೆದು ಇದು ನಿಧಿ ಎಂದು ತೀರ್ಮಾನವಾಯಿತು. ಆಗ ಇದ್ದದ್ದು ಹಳೆಯ ಕಾನೂನು: ಮುಂದೆ ತೆಗೆದುಕೊಳ್ಳುವ ಉದ್ದೇಶದಿಂದ ಬಚ್ಚಿಟ್ಟ ಚಿನ್ನ ಬೆಳ್ಳಿಗೆ ವಾರಸುದಾರರಿಲ್ಲದಿದ್ದರೆ ಅದು ರಾಣಿಗೆ ಸೇರುತ್ತದೆ. ಆದರೆ ಪ್ರಾಮಾಣಿಕವಾಗಿ ತಿಳಿಸಿದವರಿಗೆ ಮಾರುಕಟ್ಟೆ ಬೆಲೆ ಪೂರ್ತಿ ಸಿಗುತ್ತದೆ. ಸಮಿತಿ ಕಟ್ಟಿದ ಬೆಲೆ 17.5 ಲಕ್ಷ ಪೌಂಡ್. ಅಷ್ಟೂ ಲಾಸ್ ಅವರಿಗೆ. ವಾಟ್ಲಿಂಗ್‌ಗೆ ಪಾಲು ಕೊಡಬೇಕೆಂದು ಆಗ ಕಾನೂನಿನಲ್ಲಿ ಇರಲಿಲ್ಲ. ಲಾಸ್ ತಾವಾಗಿಯೇ ಕೊಟ್ಟರು. 1996ರ ನಿಧಿ ಕಾಯ್ದೆ ಬಂದು 1997ರಿಂದ ಜಾರಿಯಾದ ಮೇಲೆ ಹುಡುಕಿದವರಿಗೂ ಹೊಲದವರಿಗೂ ಅರ್ಧರ್ಧ ಎಂಬುದು ರೂಢಿಯಾಗಿದೆ. 14 ದಿನದೊಳಗೆ ತಿಳಿಸಬೇಕೆಂಬ ನಿಯಮವೂ ಬಂತು.

ಅಂದಹಾಗೆ ಆ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ.

ನಿಲ್ಲಿಸದೇ ಇದ್ದಿದ್ದರೆ

ಊಹೆ ಬೇಕಾಗಿಲ್ಲ, ಉದಾಹರಣೆ ಪಕ್ಕದಲ್ಲೇ ಇದೆ. 1979ರಲ್ಲಿ ಪಕ್ಕದ ನಾರ್ಫಕ್ ಜಿಲ್ಲೆಯ ಥೆಟ್‌ಫೋರ್ಡ್‌ನಲ್ಲಿ ಕಟ್ಟಡ ಕಟ್ಟುತ್ತಿದ್ದ ಜಾಗದಲ್ಲಿ ಒಬ್ಬರು ಡಿಟೆಕ್ಟರ್ ಆಡಿಸಿದರು, ಅನುಮತಿ ಇಲ್ಲದೆ. ಹೆಚ್ಚುಕಡಿಮೆ ಹಾಕ್ಸನ್‌ನ ಕಾಲದ್ದೇ ರೋಮನ್ ನಿಧಿ ಸಿಕ್ಕಿತು: ಚಿನ್ನದ ಉಂಗುರಗಳು, ಬೆಳ್ಳಿ ಚಮಚಗಳು. ಅನುಮತಿ ಇಲ್ಲದ್ದರಿಂದ ಯಾರಿಗೂ ಹೇಳಲಿಲ್ಲ. ಸುದ್ದಿ ಹೊರಬರುವಷ್ಟರಲ್ಲಿ ಆ ಜಾಗದ ಮೇಲೆ ಕಟ್ಟಡ ಎದ್ದಿತ್ತು, ಹುಡುಕಿದವರು ಕಾಯಿಲೆಯಿಂದ ತೀರಿಕೊಂಡರು. ವಸ್ತುಗಳು ಇಂದಿಗೂ ಮ್ಯೂಸಿಯಂನಲ್ಲಿವೆ, ಅಂದವಾಗಿವೆ. ಹೇಗೆ ಹೂತಿದ್ದರು, ಜೊತೆಗೆ ನಾಣ್ಯ ಇತ್ತೋ ಇಲ್ಲವೋ, ಈ ಪ್ರಶ್ನೆಗಳಿಗೆ ಉತ್ತರ ಕೊಡುವ ನೆಲವೇ ಇಲ್ಲ. ಹಾಕ್ಸನ್ ಮತ್ತು ಥೆಟ್‌ಫೋರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಲಾಸ್ ಮಾಡಿದ್ದರ ತೂಕ ತಿಳಿಯುತ್ತದೆ.

ಇನ್ನೂ ಕೆಟ್ಟ ಉದಾಹರಣೆ 2015ರದು. ಹೆರೆಫೋರ್ಡ್‌ಶೈರ್‌ನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಸುಮಾರು 300 ನಾಣ್ಯ ಇದ್ದಿರಬೇಕು ಎಂದು ಅಂದಾಜು. ತಿಳಿಸದೆ ಮಾರಲು ಹೋದರು. ಅವರು ಫೋನಿನಿಂದ ಅಳಿಸಿದ್ದ ಫೋಟೊಗಳನ್ನು ಪೊಲೀಸರು ಮರಳಿ ಪಡೆದಾಗ ಬಂಡವಾಳ ಬಯಲಾಯಿತು. ವಿಚಾರಣೆ ಹೊತ್ತಿಗೆ ವಶಕ್ಕೆ ಸಿಕ್ಕ ನಾಣ್ಯ 31 ಮಾತ್ರ. 2019ರಲ್ಲಿ ಇಬ್ಬರಿಗೂ ವರ್ಷಗಟ್ಟಲೆ ಜೈಲಾಯಿತು. ಸಿಕ್ಕ ಕೆಲವೇ ನಾಣ್ಯಗಳಲ್ಲಿ ಆಗಿನ ಇಂಗ್ಲೆಂಡಿನ ಎರಡು ನೆರೆರಾಜ್ಯಗಳ ರಾಜರಾದ ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಎರಡನೇ ಚಿಯೊಲ್‌ವುಲ್ಫ್ ಇಬ್ಬರೂ ಒಂದೇ ಬಗೆಯ ನಾಣ್ಯ ಹೊರಡಿಸಿದ್ದು ಕಾಣುತ್ತದೆ. ಅಂದರೆ ಇಬ್ಬರ ನಡುವೆ ಮೈತ್ರಿ ಇತ್ತು. ಸಿಗದ ನೂರಾರು ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ. ಕಾನೂನು ಪ್ರಕಾರ ತಿಳಿಸಿದ್ದರೆ ಇವರಿಗೂ ದೊಡ್ಡ ಮೊತ್ತದ ಪಾಲೇ ಸಿಗುತ್ತಿತ್ತು, ಅದು ವಿಚಿತ್ರ.

ಹಾಕ್ಸನ್‌ಗೆ ಮುಂಚೆ ಅಲ್ಲಿನ ಪುರಾತತ್ವದವರಿಗೂ ಡಿಟೆಕ್ಟರ್ ಹವ್ಯಾಸಿಗಳಿಗೂ ಎಣ್ಣೆ ಸೀಗೆಕಾಯಿ. 1980ರಲ್ಲಿ ಡಿಟೆಕ್ಟರ್ ವಿರುದ್ಧ ದೊಡ್ಡ ಅಭಿಯಾನವೇ ನಡೆದಿತ್ತು. ಹವ್ಯಾಸಿ ಎಂದರೆ ಲೂಟಿಕೋರ ಎಂಬ ಭಾವನೆ. ಹಾಕ್ಸನ್ ಆ ಮಾತಿಗೆ ಒಳ್ಳೆಯ ಉತ್ತರವಾಯಿತು. 1997ರಲ್ಲಿ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಶುರುವಾಯಿತು. ನಿಧಿಯ ಲೆಕ್ಕಕ್ಕೆ ಬಾರದ ಒಂಟಿ ನಾಣ್ಯ, ಟೋಕನ್, ಗುಂಡಿಯನ್ನೂ ಹವ್ಯಾಸಿಗಳು ತಂದು ತೋರಿಸಿ, ಸಿಕ್ಕ ಜಾಗದ ಸಮೇತ ದಾಖಲಿಸಿ, ವಾಪಸ್ ಒಯ್ಯಬಹುದು. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ದಾಟಿವೆ. ಹಾಗಂತ ಹಾಕ್ಸನ್ ಹೊಲ ಎಲ್ಲರಿಗೂ ಬುದ್ಧಿ ಕಲಿಸಿತು ಎಂದುಕೊಳ್ಳಬೇಡಿ. ಸುದ್ದಿ ಹರಡಿದ ಮೇಲೆ ಅದೇ ಜಾಗದ ಸುತ್ತ ಕದ್ದು ಡಿಟೆಕ್ಟರ್ ಆಡಿಸಿದವರಿದ್ದಾರೆ. ಅದಕ್ಕಾಗಿಯೇ 1994ರಲ್ಲಿ ಮತ್ತೆ ಅಗೆದು ನೋಡಬೇಕಾಯಿತು.

ನಮ್ಮಲ್ಲಿ

ಇದನ್ನು ಓದಿ ಆನ್‌ಲೈನಿನಲ್ಲಿ ಡಿಟೆಕ್ಟರ್ ತರಿಸೋಣ ಅನ್ನಿಸಿದರೆ ಸ್ವಲ್ಪ ತಡೆಯಿರಿ. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ಹವ್ಯಾಸಕ್ಕೆ ದಾರಿ ಇದೆ: ಹೊಲದವರ ಅನುಮತಿ ಪಡೆಯಬೇಕು, ಸಂರಕ್ಷಿತ ಸ್ಮಾರಕದ ಕಡೆ ಹೋಗಬಾರದು, ಸಿಕ್ಕಿದ್ದನ್ನು ತಿಳಿಸಬೇಕು. ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ನಮ್ಮಲ್ಲಿ ನೆಲ ಅಗೆಯುವವರು ಎಂದರೆ ಮೊದಲು ನೆನಪಾಗುವುದು ನಿಧಿಗಳ್ಳರು. ಹಾಳು ಬಿದ್ದ ಗುಡಿಯ ಗರ್ಭಗುಡಿ ಅಗೆದು, ವೀರಗಲ್ಲು ಕೆಡವಿ, ನಿಂಬೆಹಣ್ಣು ಕುಂಕುಮ ಚೆಲ್ಲಿ ಹೋಗುವವರು. ಡಿಟೆಕ್ಟರ್ ಹಿಡಿದು ಹೊಲದಲ್ಲಿ ಓಡಾಡುವವರನ್ನು ಊರಿನವರು ಅದೇ ಗುಂಪಿಗೆ ಸೇರಿಸಿದರೆ ತಪ್ಪು ಹೇಳಲಾಗದು.

ಕಾನೂನೂ ಬಿಗಿಯಾಗಿದೆ. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಜೈಲು. ತಿಳಿಸಿದರೆ, ವಾರಸುದಾರರು ಯಾರೂ ಬರದಿದ್ದರೆ, ಬೇರೆ ಒಪ್ಪಂದ ಇಲ್ಲದಾಗ ಮುಕ್ಕಾಲು ಪಾಲು ಹುಡುಕಿದವರಿಗೆ, ಕಾಲು ಪಾಲು ಜಮೀನಿನವರಿಗೆ ಎಂದು ಅದರಲ್ಲೇ ಬರೆದಿದೆ. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಇಂಗ್ಲೆಂಡಿನ ಹಾಗೆ ಮಾರುಕಟ್ಟೆ ಬೆಲೆ ಅಲ್ಲ, ಲೋಹದ ಬೆಲೆ. ಸಿಕ್ಕಿದ್ದನ್ನು ಜನ ಅಕ್ಕಸಾಲಿಗನ ಬಳಿ ಒಯ್ದು ಕರಗಿಸಲು ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೇ ಇದೆ, ಇಲ್ಲಿ ಸಿಕ್ಕಿದ್ದಕ್ಕೆ ಅದನ್ನು ನೋಡಬೇಕು. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ.

ನಮ್ಮ ನೆಲದಲ್ಲೂ ರೋಮನ್ ನಾಣ್ಯ ಇಲ್ಲದೆ ಇಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಳಿಗಾಗಿ ಅಗೆಯುವಾಗ 163 ಬೆಳ್ಳಿಯ ಡಿನೇರಿಯಸ್ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನದಲ್ಲೇ ರೋಮನ್ ನಾಣ್ಯ ಸಿಕ್ಕಿವೆ. ಯಶವಂತಪುರದ್ದು ಕೂಲಿಯವರ ಗುದ್ದಲಿಗೆ ಸಿಕ್ಕಿದ್ದು, ಚಂದ್ರವಳ್ಳಿಯದು ಪದರ ಪದರವಾಗಿ ಅಗೆದು ತೆಗೆದದ್ದು. ಅದಕ್ಕೇ ಶಾತವಾಹನರ ಕಾಲದ ದಕ್ಷಿಣ ಭಾರತದ ಬಗ್ಗೆ ಬರೆಯುವವರಿಗೆ ಚಂದ್ರವಳ್ಳಿಯ ಕೆಲವೇ ನಾಣ್ಯಗಳು ಜಾಸ್ತಿ ಉಪಯೋಗಕ್ಕೆ ಬರುತ್ತವೆ. ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ಸಿಕ್ಕಿತು ಎಂಬುದು ಅಲ್ಲಿ ಬರೆದಿಟ್ಟಿದೆ.

ಮನೆಗೆ ಪಾಯ ತೆಗೆಯುವಾಗಲೋ ತೋಟದಲ್ಲಿ ಗುಂಡಿ ತೋಡುವಾಗಲೋ ಮಡಕೆ ಒಡೆದು ನಾಣ್ಯ ಉರುಳಿದರೆ ಮಾಡಬೇಕಾದ್ದು ಇಷ್ಟು. ಕೆಲಸ ಅಲ್ಲಿಗೇ ನಿಲ್ಲಿಸಿ. ನಾಣ್ಯ ತೊಳೆಯಬೇಡಿ, ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ, ಮಡಕೆ ಚೂರುಗಳನ್ನೂ ಎಸೆಯಬೇಡಿ. ಇದ್ದಲ್ಲೇ ಫೋಟೊ ತೆಗೆದು, ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ತಿಳಿಸಿ, ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ, ಎಷ್ಟು ನಾಣ್ಯ ಎಂಬ ಎಣಿಕೆ ಅದರಲ್ಲೇ ಬರಲಿ.